ಕೂಡುಗೆರೆಯ ಮುರಿದ ಸುತ್ತು

ಕೂಡುಗೆರೆ ತುಂಬಿದ ನೂರಾ ಹನ್ನೆರಡನೆಯ ವರ್ಷ, ಹುಲ್ಲುತಿಂಗಳ ಮೊದಲ ವಾರ.

ನಿಮ್ಮ ಪಂಚಾಂಗದಲ್ಲಿ ಇಂಥ ತಿಂಗಳಿಲ್ಲ, ಇಂಥ ವರ್ಷವೂ ಇನ್ನೂ ಬಂದಿಲ್ಲ. ಎರಡು ಸಾವಿರದ ನೂರಾ ತೊಂಬತ್ತರ ಆಸುಪಾಸು ಎಂದುಕೊಳ್ಳಿ, ತಪ್ಪೇನಿಲ್ಲ.

ನಿಮಗೆ ನಮಸ್ಕಾರ. ಮುಖ ಕಾಣದವರಿಗೆ, ಅದರಲ್ಲೂ ನಾನು ಹುಟ್ಟುವ ಮೊದಲೇ ಬಾಳಿ ಹೋದವರಿಗೆ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಮ್ಮಲ್ಲಿ ಹಾದಿಗಾರಿಕೆ, ಅಂದರೆ ದಾರಿ ನೋಡಿಕೊಳ್ಳುವ ಕೆಲಸ, ಬಿಡುವವರು ಹಿಂದೋಲೆ ಬರೆಯುವುದು ರೂಢಿ. ಹಿಂದೋಲೆಯೆಂದರೆ ಹಿಂದಿನ ಕಾಲದವರಿಗೆ ಬರೆಯುವ ಕಾಗದ. ತಲುಪುತ್ತದೆಂಬ ಭರವಸೆ ಯಾರಿಗೂ ಇಲ್ಲ, ಆದರೂ ಬರೆಯುತ್ತಾರೆ. ಕೆಲವರು ನಿಮ್ಮನ್ನು ಬಾಯ್ತುಂಬ ಬೈದು ಬರೆದಿದ್ದಾರೆ. ನನಗೆ ಬೈಯುವ ಮನಸ್ಸಿಲ್ಲ. ನನಗೂ ನನ್ನ ಮಗಳಿಗೂ ಅಂಬಿಗ ಜಂಬಣ್ಣನಿಗೂ ನಡುವೆ ನಡೆದದ್ದನ್ನು ಹೇಳುತ್ತೇನೆ.

ನನ್ನ ಹೆಸರು ಪಂಪಾವತಿ. ಎಲ್ಲರಿಗೂ ಪಂಪಕ್ಕ. ನೀವು ಸೊಂಡೂರಿನ ಗುಡ್ಡಗಳೆಂದು ಕರೆಯುವ ಸಾಲಿನಲ್ಲೇ ನಮ್ಮೂರು. ಅದಿರು ತೆಗೆದು ಬಿಟ್ಟುಹೋದ ಗುಂಡಿಗಳು ಒಂದು ದೊಡ್ಡ ಮಳೆಗಾಲದಲ್ಲಿ ತುಂಬಿ, ನಡುವಿನ ಗೋಡೆಗಳು ಕರಗಿ, ಒಂದೇ ನೀರಾದವು. ಕೂಡಿದ್ದರಿಂದ ಕೂಡುಗೆರೆ. ಸುತ್ತ ಕೆಂಪು ದಂಡೆ, ಒಳಗೆ ಹಸಿರು ನೀರು, ಮೇಲೆ ಹುಲ್ಲು ಹೊದ್ದ ಗುಡ್ಡಗಳು. ನೋಡಲೆಂದೇ ದೂರದೂರದಿಂದ ಜನ ಬರುತ್ತಾರೆ, ಎಲ್ಲರೂ ಸೈಕಲ್ಲಿನ ಮೇಲೆ. ಈ ಸಡಿಲ ನೆಲದ ಮೇಲೆ ಭಾರದ ಗಾಡಿ ಬಿಡುವುದಿಲ್ಲ, ಡಾಂಬರನ್ನೂ ಹಾಕುವುದಿಲ್ಲ. ಗರಸು ಮಳೆಯ ನೀರನ್ನು ಕುಡಿಯುತ್ತದೆ, ಡಾಂಬರು ಕುಡಿಯದೆ ದಂಡೆಯ ಮೇಲೆ ನೂಕುತ್ತದೆ. ಆದ್ದರಿಂದ ನಮ್ಮದು ಗರಸು ದಾರಿ, ತುಳಿಯುವವರು ಗರಸಿನವರು. ಅವರ ಗಾಲಿ ಮುಂಗೈಯಷ್ಟು ದಪ್ಪ. ಗಾಳಿ ಸ್ವಲ್ಪ ಇಳಿಸಿಕೊಂಡು ತುಳಿದರೆ ಹರಳು ಗಾಲಿಯ ಕೆಳಗೆ ಹುರಿದ ಕಡಲೆಯ ಹಾಗೆ ಸದ್ದು ಮಾಡುತ್ತದೆ.

ಒಂದು ವಿಷಯಕ್ಕೆ ನಿಮಗೆ ಋಣಿ. ಈ ದಾರಿಗಳನ್ನು ಕೊರೆದವರು ನೀವು. ತುಂಬಿದ ಲಾರಿ ಹತ್ತಬೇಕೆಂದು ಅಳೆದು ಕೊರೆದ ಏರು. ಹಾಗಾಗಿ ಐವತ್ತು ದಾಟಿದ ಮೊಣಕಾಲು ಕೂಡ ಇಳಿಯದೆ ಹತ್ತಿಬಿಡುತ್ತದೆ. ಗುಡ್ಡದ ತುದಿಯಲ್ಲಿ ನೆತ್ತಿಸುತ್ತು, ಹೊಟ್ಟೆಯಲ್ಲಿ ನಡುಸುತ್ತು, ನೀರಿನ ಅಂಚಿಗೆ ದಂಡೆಸುತ್ತು. ಚರಂಡಿ ಬಿಡಿಸುವುದು, ಮಳೆ ಕಿತ್ತ ಕಡೆ ಗರಸು ತುಂಬುವುದು, ತಿರುವಿಗೆ ಸುಣ್ಣ ಬಳಿಯುವುದು, ಹೊಸಬರನ್ನು ಕರೆದೊಯ್ಯುವುದು ಹಾದಿಗಾರರ ಕೆಲಸ.

ದಂಡೆಸುತ್ತು ನನ್ನ ಕಾಲಕ್ಕೆ ಮೊದಲು ಸುತ್ತಾಗಿರಲಿಲ್ಲ. ಕೆಂಬಂಡೆಯ ಕೆಳಗೆ ದಾರಿ ಕಡಿದುಹೋಗಿತ್ತು. ಅಲ್ಲಿಗೆ ಬಂದವರನ್ನು ಅಂಬಿಗರ ಜಂಬಣ್ಣ ಹರಿಗೋಲಿನಲ್ಲಿ ಆಚೆ ದಾಟಿಸುತ್ತಿದ್ದ. ನಾನು ಹಾದಿಗಾರ್ತಿಯಾದ ಮೇಲೆ ಹಟ ಹಿಡಿದು, ಊರವರನ್ನು ಕೂಡಿಸಿ, ಬಂಡೆಯ ಬುಡದಲ್ಲಿ ಒಂದು ಸೈಕಲ್ ಹೋಗುವಷ್ಟು ದಾರಿ ಮಾಡಿಸಿದೆ. ರೊಟ್ಟಿ ತಿಂದು ಬೆಳಿಗ್ಗೆ ಹೊರಟವರು ಹೊತ್ತು ಮುಳುಗುವ ಮುಂಚೆ ಹೊರಟಲ್ಲಿಗೇ ಬರುವಂತಾಯಿತು. ಜನ ಮೂರು ಪಟ್ಟಾದರು. ನನ್ನ ಮಗಳು ತುಂಗಾ ಪಡುವಣ ದಂಡೆಯಲ್ಲಿ ಖಾನಾವಳಿ ಇಟ್ಟಳು. ಜಂಬಣ್ಣನ ಹರಿಗೋಲು ದಂಡೆಯಲ್ಲಿ ಬೋರಲು ಬಿತ್ತು. ಆಮೇಲೆ ಅವನು ಅದೇ ಹರಿಗೋಲಿನಲ್ಲಿ ಮೀನು ಹಿಡಿದುಕೊಂಡಿದ್ದ. ನನ್ನ ಕಂಡರೆ ನೀರಿನ ಕಡೆ ನೋಡುತ್ತಿದ್ದ.

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ರಾಯಚೂರಿನಿಂದ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕ ಖಾಜಾಬಿ, ಶಾಲೆಯ ಟೀಚರು. ತಂಗಿ ಶಮೀಮ್. ಗಂಡ ತೀರಿಕೊಂಡ ಮೇಲೆ ಮನೆಯ ಹೊಸ್ತಿಲು ದಾಟದಿದ್ದ ಖಾಜಾಬಿಯನ್ನು ತಂಗಿಯೇ ಎಳೆದು ತಂದಿದ್ದಳು. ಖಾಜಾಬಿ ತುಳಿಯುತ್ತಿದ್ದದ್ದು ಗಂಡನ ಸೈಕಲ್ಲು. ಆಕೆಗೆ ಅದು ಒಂದು ಗೇಣು ಎತ್ತರ. ಖಾಜಾಬಿ ಮಾತೇ ಆಡದೆ ನನ್ನ ಹಿಂದೆ ಬರುತ್ತಿದ್ದರು.

ಕೆಂಬಂಡೆಯ ಕೆಳಗೆ ಬಂದಾಗ ಬಿಸಿಲು ಚೆನ್ನಾಗಿತ್ತು, ಮಳೆ ಬಂದು ಎಷ್ಟೋ ದಿನವಾಗಿತ್ತು. ಜೋಳದ ಚೀಲ ಬಿಚ್ಚಿ ಸುರಿದಂಥ ಸದ್ದು ಕೇಳಿತು. ತಲೆ ಎತ್ತುವಷ್ಟರಲ್ಲಿ ಮುಂದಿನ ದಾರಿ ಇರಲಿಲ್ಲ. ಬಂಡೆಯ ಮೇಲಿಂದ ಎಸೆಮಣ್ಣು ಇಳಿದು ನೀರಿಗೆ ಬೀಳುತ್ತಿತ್ತು. ಎಸೆಮಣ್ಣೆಂದರೆ ಅದಿರು ತೆಗೆದು, ಬೇಡವೆಂದು ನಿಮ್ಮ ಕಾಲದವರು ಗುಡ್ಡದ ಮೈಮೇಲೆ ಸುರಿದ ಮಣ್ಣು. ಖಾಜಾಬಿ ಗಾಬರಿಯಲ್ಲಿ ಬ್ರೇಕು ಒತ್ತಿ, ಜಾರಿ, ಭುಜದ ಮೇಲೆ ಬಿದ್ದರು. ಕೊರಳೆಲುಬು ಮುರಿದಿತ್ತು. ಅವರನ್ನು ಎಬ್ಬಿಸಿ ಹಿಂದಕ್ಕೆ ತಿರುಗಿದೆವು; ಹಿಂದೆಯೂ ಕುಸಿಯಿತು. ನಡುವೆ ಉಳಿದ ತುಂಡು ಒಂದು ಅಂಗಳದಷ್ಟು. ಕೆಳಗೆ ನೀರು.

ನಾನು ಶಮೀಮಳ ಹಳದಿ ದುಪ್ಪಟ್ಟಾ ಹಿಡಿದು ಬೀಸತೊಡಗಿದೆ. ದೂರದಲ್ಲಿ ಬಲೆ ಎಳೆಯುತ್ತಿದ್ದ ಹರಿಗೋಲು ಬಲೆಯನ್ನು ಅಲ್ಲೇ ಬಿಟ್ಟು ನಮ್ಮತ್ತ ತಿರುಗಿತು.

"ಕಂಡೀನಿ ಪಂಪಕ್ಕ, ಬೀಸ್ಬ್ಯಾಡ! ಅಲ್ಲೇ ಕುಂದ್ರು. ಕುಣಿದಾಡಿದ್ರೆ ಇನ್ನೊಂದಿಷ್ಟು ಬೀಳ್ತೈತೆ," ಎಂದು ಜಂಬಣ್ಣ ನೀರಿನಿಂದಲೇ ಕೂಗಿದ.

ದಂಡೆಗೆ ಒತ್ತಿ ನಿಂತು ಹೇಳಿದ, "ಪೆಟ್ಟಾದವರು ಮೊದಲು, ಜೊತಿಗೆ ಈ ಹುಡುಗಿ. ಒಂದ್ಸಲಕ್ಕೆ ಇಬ್ಬರೇ. ಸೈಕಲ್ಲು ಬಿಡ್ರಿ."

ಅಷ್ಟು ನೋವಿನಲ್ಲೂ ಖಾಜಾಬಿ ಮೊದಲ ಸಲ ಬಾಯಿಬಿಟ್ಟರು. "ಸೈಕಲ್ ಬಿಟ್ಟು ನಾ ಬರಂಗಿಲ್ರಿ."

"ಅದು ನಮ್ಮ ಭಾವಂದು. ಭಾವ ಇಲ್ಲ," ಎಂದಳು ಶಮೀಮ್ ಮೆಲ್ಲಗೆ.

ಜಂಬಣ್ಣ ಮೇಲೆ ಗುಡ್ಡವನ್ನೊಮ್ಮೆ ನೋಡಿದ. "ಆತು ತಾಯಿ. ನೀವು ಕುಂದರ್ರಿ. ಅದನ್ನ ತರೋದು ನನ್ನ ಜವಾಬ್ದಾರಿ."

ಅವರನ್ನು ಆಚೆ ಬಿಟ್ಟು ಬರುವ ತನಕ ನಾನೊಬ್ಬಳೇ ಕುಳಿತಿದ್ದೆ. ಗುಡ್ಡ ಸುಮ್ಮನಿರಲಿಲ್ಲ. ಸಣ್ಣ ಹರಳುಗಳು ಒಂದೇ ಸಮ ಉದುರುತ್ತಿದ್ದವು, ಮನೆಯ ಮಾಡಿನಲ್ಲಿ ಇಲಿ ಓಡಾಡಿದ ಹಾಗೆ. ನಾನು ಅಷ್ಟು ವರ್ಷ ಈ ದಾರಿಯನ್ನು ನೋಡಿದ್ದೆನೇ ಹೊರತು ತಲೆಯೆತ್ತಿ ಅದರ ಮೇಲಿದ್ದದ್ದನ್ನು ಹೀಗೆ ಕುಳಿತು ಕೇಳಿರಲಿಲ್ಲ. ಹೆದರಿಕೆಯಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಜಂಬಣ್ಣ ಬಂದ. ನನ್ನನ್ನು ಹತ್ತಿಸಿಕೊಂಡ. ನಾನು ಬೇಡವೆಂದರೂ ಇಳಿದುಹೋಗಿ ಆ ಎತ್ತರದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದ. ನಮ್ಮ ಇನ್ನೆರಡು ಸೈಕಲ್ಲುಗಳು ಅಲ್ಲೇ ಉಳಿದವು. ಈಗ ನೀರಿನ ತಳದಲ್ಲಿರಬೇಕು.

ನಡುನೀರಿಗೆ ಬಂದ ಮೇಲೆ ಕೇಳಿದೆ, "ನನ್ನ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆತು ಜಂಬಣ್ಣ?"

"ಬಿಟ್ಟೋನು ನಾನಲ್ಲ. ನೀನು ದಂಡೆ ಮ್ಯಾಲೆ ಬುರ್ರಂತ ಹೋಗ್ತಿದ್ದಿ, ನಾನು ನೀರಾಗಿದ್ದೆ. ಕೂಗಿ ಕೂಗಿ ಮಾತಾಡೋಕೆ ನಮಗೇನು ಹರೇವಾ?"

ನಗು ಬಂತು.

ಕುಸಿದ ದಾರಿಯನ್ನು ಏನು ಮಾಡುವುದೆಂದು ಊರವರ ಕೆರೆಸಭೆ ಸೇರಿತು. ನಿಮ್ಮ ಲಾರಿಗಳನ್ನು ತೂಗುತ್ತಿದ್ದ ಹಳೆಯ ಚಪ್ಪರವೇ ನಮ್ಮ ಸಭೆಯ ಜಾಗ. ಕೆಂಬಂಡೆಯನ್ನು ಮದ್ದಿಟ್ಟು ಸಿಡಿಸಿ, ಅಗಲವಾದ ಹೊಸ ದಾರಿ ಮಾಡಬೇಕೆಂದು ಮೊದಲು ಎದ್ದು ಹೇಳಿದವಳು ನನ್ನ ಮಗಳೇ.

"ಸುತ್ತು ಪೂರ್ತಿ ಐತೆ ಅಂತ ಜನ ಬರ್ತಾರೆ," ಎಂದಳು ತುಂಗಾ. "ಅರ್ಧ ಸುತ್ತಿಗೆ ಯಾರು ಬರ್ತಾರೆ? ಅರ್ಧ ರೊಟ್ಟಿ ಯಾರಾದ್ರೂ ಬಡೀತಾರೇನು?"

ಜನ ತಲೆದೂಗಿದರು. ಅವಳ ಮಾತು ಸುಳ್ಳಲ್ಲ. ನನ್ನ ಮೊಮ್ಮಕ್ಕಳ ಊಟ ಆ ಒಲೆಯಿಂದಲೇ. ನಾನು ಏಳುವುದನ್ನು ಕಂಡು ತಾಯಿ ತನ್ನ ಪರ ನಿಲ್ಲುತ್ತಾಳೆಂದು ಅವಳ ಮುಖ ಅರಳಿತು. ಆ ಮುಖವನ್ನು ನೋಡುತ್ತಲೇ ಹೇಳಬೇಕಾಯಿತು.

"ಆ ದಾರಿ ಮಾಡಿಸಿದೋಳು ನಾನು. ಬ್ಯಾಡ ಅನ್ನೋಳೂ ನಾನೇ. ಆ ಗುಡ್ಡ ಇನ್ನೂ ಉದುರ್ತಾ ಐತೆ, ಅಲ್ಲಿ ಕುಂತು ಕೇಳಿ ಬಂದೀನಿ. ಮದ್ದಿಟ್ರೆ ಬರೇ ಬಂಡೆ ಅಲುಗಲ್ಲ. ಅದರ ಮಗ್ಗುಲಾಗೆ ನಿಮ್ಮ ಮನೆಗಳವೆ, ನನ್ನ ಮಗಳ ಮನೆನೂ ಐತೆ. ಅಷ್ಟು ನೀರು ದಾಟಿಸೋಕೆ ಹರಿಗೋಲೈತೆ."

ಎಲ್ಲರೂ ಹಿಂದೆ ಕಂಬಕ್ಕೆ ಒರಗಿದ್ದ ಜಂಬಣ್ಣನ ಕಡೆ ತಿರುಗಿದರು. ಬೇಕಾದರೆ ಅವನು ಅಂದು ಎದೆಯುಬ್ಬಿಸಬಹುದಿತ್ತು. "ನಾನು ಮುದುಕ, ಹರಿಗೋಲೂ ಮುದುಕ," ಎಂದ. "ಹೊಸಾವು ಹೆಣೀಬೇಕು. ಕಲಿಯೋರು ಬಂದ್ರೆ ಕಲಿಸ್ತೀನಿ."

ಕೈಯೆತ್ತಿಸಿದಾಗ ನಮ್ಮ ಕಡೆ ನಾಲ್ಕಾರು ಕೈ ಹೆಚ್ಚಿದ್ದವು, ಅಷ್ಟೆ. ತುಂಗಾ ನನ್ನ ಪಕ್ಕದಿಂದಲೇ ಹಾದು ಹೊರಗೆ ಹೋದಳು. ಆ ಹಂಗಾಮು ಗರಸಿನವರು ನಿಜಕ್ಕೂ ಕಡಿಮೆಯಾದರು. ಖಾನಾವಳಿಯ ಒಲೆ ಎಷ್ಟೋ ದಿನ ಹೊತ್ತಲಿಲ್ಲ. ಮಗಳು ಮನೆಗೆ ಬರಲಿಲ್ಲ. ಮಾಡಿದ ಪಲ್ಯವನ್ನು ಡಬ್ಬಿಗೆ ಹಾಕಿ, ಕೊಟ್ಟು ಬರಲೆಂದು ಹೊರಟು, ಅರ್ಧ ದಾರಿಯಿಂದ ಹಿಂದಿರುಗಿದ್ದೇನೆ. ನಾನೇ ತಪ್ಪಿದೆನೇನೋ ಎಂದು ಆ ಚಳಿಗಾಲವೆಲ್ಲ ಅನ್ನಿಸುತ್ತಿತ್ತು.

ಮರುವರ್ಷ ಅಕ್ಕತಂಗಿಯರು ಮತ್ತೆ ಬಂದರು. ಖಾಜಾಬಿಯ ಕೊರಳೆಲುಬು ಕೂಡಿಕೊಂಡಿತ್ತು, ಸೈಕಲ್ಲು ಅದೇ. ಹರಿಗೋಲು ಹತ್ತುವ ಕಡವಿಗೆ ಬಂದಾಗ ಜಂಬಣ್ಣ ಅದನ್ನು ತಾನೇ ಎತ್ತಿ ಹೊಸ ಹರಿಗೋಲಿನಲ್ಲಿಟ್ಟ. ನಡುನೀರಿನಲ್ಲಿ ಗಾಳಿ ಎದ್ದು, ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು. ಗುಡ್ಡ, ಆಕಾಶ, ನೀರು, ಮತ್ತೆ ಗುಡ್ಡ. ಖಾಜಾಬಿ ಒಂದು ಕೈಯಲ್ಲಿ ಸೈಕಲ್ಲನ್ನೂ ಒಂದು ಕೈಯಲ್ಲಿ ನನ್ನ ತೋಳನ್ನೂ ಹಿಡಿದು, ಇದ್ದಕ್ಕಿದ್ದಂತೆ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂಗಿ ನಗಲಿಲ್ಲ. ಅಕ್ಕನನ್ನೇ ನೋಡುತ್ತ, "ಇಕಿ ಈ ನಗು ನಾನು ಮರ್ತೇಬಿಟ್ಟಿದ್ದೆ ಪಂಪಕ್ಕ," ಎಂದಳು.

ಊರಿಗೆ ಹೋಗಿ ಯಾರ‍್ಯಾರಿಗೆ ಏನು ಹೇಳಿದರೋ, ರಾಯಚೂರಿನ ಕಡೆಯವರು ಹರಿಗೋಲನ್ನು ಕೇಳಿಕೊಂಡೇ ಬರತೊಡಗಿದರು. ಒಂದು ದಿನ ಮಧ್ಯಾಹ್ನ ಕಡವಿನಲ್ಲಿ ಸುಣ್ಣ ಬಳಿಯುತ್ತಿದ್ದೆ. ಹಿಂದಿನಿಂದ ತುಂಗಾ ಕೇಳಿದಳು, "ಅವ್ವ, ಇಲ್ಲಿ ಒಲೆ ಹೂಡಿದ್ರೆ ಮಧ್ಯಾಹ್ನ ನೆರಳು ಬರ್ತೈತೇನು?"

"ಹುಣಸಿಮರದ ಬುಡಕ್ಕೆ ಹೂಡು," ಎಂದೆ. ನಮ್ಮ ರಾಜಿ ಅಷ್ಟೆ. ತಿರುಗಿ ನೋಡಲು ಸ್ವಲ್ಪ ಹೊತ್ತು ಬೇಕಾಯಿತು, ಕೈಯಲ್ಲಿ ಸುಣ್ಣವಿತ್ತು, ಕಣ್ಣು ಒರೆಸಿಕೊಳ್ಳುವಂತಿರಲಿಲ್ಲ.

ಆ ಗುಡ್ಡ ಇನ್ನೂ ಪೂರ್ತಿ ಕುಸಿದಿಲ್ಲ. ಮದ್ದಿಟ್ಟಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಾಗದೇ ಇರಲಿ. ಹೋದ ಚಳಿಗಾಲದಲ್ಲಿ ಜಂಬಣ್ಣ ತೀರಿಕೊಂಡ. ಅವನು ಕಲಿಸಿದವರು ಈಗ ಹರಿಗೋಲು ಹೆಣೆಯುತ್ತಾರೆ, ಅವನಷ್ಟು ಬಿಗಿಯಾಗಿ ಅಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಅಗೆಯಬೇಡಿ ಎಂದು ನಾನು ಹೇಳಿದರೆ ನೀವು ಕೇಳುವವರಲ್ಲ, ನನಗೆ ಗೊತ್ತು. ಆದರೆ ಅಗೆದ ಮಣ್ಣನ್ನು ಸುರಿಯುವಾಗ ಬೇಗ ಮನೆಗೆ ಹೋಗುವ ಆತುರ ಬೇಡ. ಮೆಟ್ಟಿಲು ಮೆಟ್ಟಿಲಾಗಿ ಸುರಿಯಿರಿ, ನೀರು ಹೋಗಲು ಕಾಲುವೆ ಬಿಡಿ, ಮೇಲೊಂದಿಷ್ಟು ಹುಲ್ಲಿನ ಬೀಜ ಎಸೆಯಿರಿ. ಒಂದು ಸಂಜೆಯ ಕೆಲಸ. ಆ ಮಣ್ಣಿನ ಕೆಳಗೆ ಯಾರಾದರೂ ಬಿಸಿಲಿನಲ್ಲಿ ಸೈಕಲ್ ತುಳಿಯುತ್ತ ಹೋಗುತ್ತಿರುತ್ತಾರೆ. ಅವರ ಮುಖ ನಿಮಗೆ ಕಾಣುವುದಿಲ್ಲ, ಅವರಿಗೂ ನಿಮ್ಮ ಹೆಸರು ಗೊತ್ತಿರುವುದಿಲ್ಲ. ಅವರು ಸುಮ್ಮನೆ ದಾಟಿ ಹೋಗಲಿ.

ಇಂತಿ,
ಪಂಪಾವತಿ
ದಂಡೆಸುತ್ತಿನ ಹಾದಿಗಾರ್ತಿ, ಕೂಡುಗೆರೆ