ಮಗನಿಗೆ ಇನ್ನೂ ಹೆಸರಿಲ್ಲ

ಮಾರ್ಚ್ ೧೪, ಶುಕ್ರವಾರ

ಮಗನಿಗೆ ಮೂರು ತಿಂಗಳು ತುಂಬಿತು, ಇನ್ನೂ ಹೆಸರಿಟ್ಟಿಲ್ಲ. ಪುಟಾಣಿ, ಬಂಗಾರ ಎಂದು ದಿನ ತಳ್ಳುತ್ತಿದ್ದೇವೆ. ನಮ್ಮ ಮನೆಯಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರೇ ಇಡಬೇಕು, ಆದರೆ ಬದುಕಿರುವವರ ಹೆಸರು ಇಡುವಂತಿಲ್ಲ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ! ಅಪ್ಪ ಹಾಸಿಗೆ ಹಿಡಿದಿದ್ದಾರೆ. ನಾವು ಕಾಯುತ್ತಿದ್ದೇವೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಪ್ಪನ ಹೆಸರಿಗೆ ದೀರ್ಘಾಯುಷಿ ಎಂದು ಅರ್ಥ. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲವೆಂದು ಅಜ್ಜಿ ಅವರಿವರನ್ನು ಕೇಳಿ, ಹುಡುಕಿ ಇಟ್ಟ ಹೆಸರಂತೆ.

ಇವತ್ತು ಸಂಜೆ ಮಗುವನ್ನು ಅಪ್ಪನ ಪಕ್ಕ ಮಲಗಿಸಿದೆ. ಜೀವಮಾನವೆಲ್ಲ ಬಟ್ಟೆ ಹೊಲಿದ ಅವರ ಕೈ ತಾನಾಗಿಯೇ ಗೇಣು ಹಾಕಿ ಮಗುವಿನ ಭುಜದ ಅಳತೆ ತೆಗೆಯಿತು.

"ಏನಂತ ಕರೀತೀರೋ ಇವನ್ನ?"

"ಇನ್ನೂ ಯೋಚನೆ ಮಾಡ್ತಿದ್ದೀವಿ ಅಪ್ಪ," ಎಂದೆ. ಹೆಂಡತಿ ತಲೆ ತಗ್ಗಿಸಿ ಒಳಗೆ ಹೋದಳು.

ಅಪ್ಪನಿಗೆ ಅರ್ಥವಾಯಿತು. ಮನೆ ಬಿಡಲು ತಡಮಾಡಿದ ಬಾಡಿಗೆಯವನ ಹಾಗೆ ಸಂಕೋಚದಿಂದ ಮಗುವಿನ ಕಿವಿಯ ಹತ್ತಿರ ಬಾಗಿದರು.

"ಸ್ವಲ್ಪ ತಡ್ಕೋ ಮರಿ. ಇನ್ನೇನು, ಖಾಲಿ ಮಾಡ್ಕೊಡ್ತೀನಿ."

ಈಗಷ್ಟೇ ಮಗ ಎದ್ದು ಅತ್ತ. ಎತ್ತಿಕೊಳ್ಳಲು ನನಗೆ ಕೈಯೇ ಬರಲಿಲ್ಲ.