ಸರ್ವೇಯರಿಗಾಗಿ ತೊಳೆದ ಮನೆ

ಮಾರ್ಚ್ ೨೪, ಸೋಮವಾರ
ಬಾಡಿಗೆ ಕೋಣೆಯಿಂದ

ಮಗಳೇ,

ನೀವು ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು, ಉತ್ತರ ಬರೆಯದೆ ಕೂತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಜೋರು ಮಾಡುವುದು ಬಿಟ್ಟು ಬೇರೇನೂ ಬರುವುದಿಲ್ಲ, ನಿನಗೇ ಗೊತ್ತು. ಪುಟ್ಟಿಯ ಮುಂದಿನ ಹಲ್ಲು ಎರಡೂ ಬಿದ್ದವಂತೆ. ನಗುವಾಗ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದು ನನ್ನ ಮಗ ಹೇಳಿದ. ಹಾಗೆಲ್ಲ ಮುಚ್ಚಿಕೊಳ್ಳಬೇಡ, ಅಜ್ಜಿಗೂ ಎರಡು ಇಲ್ಲ ಎಂದು ಹೇಳು.

ಇಲ್ಲಿಯ ಸುದ್ದಿ ಕೇಳು, ನಗಬೇಕೆನಿಸಿದರೆ ನಕ್ಕುಬಿಡು. ಫ್ರಿಜ್ಜಿನ ಹಿಂದೆ ಬೆಂಕಿ ಹತ್ತಿ ಅಡುಗೆಮನೆ ಸುಟ್ಟ ದಿನವೇ ನೀನು ಫೋನ್ ಮಾಡಿ, ಇಬ್ಬರೂ ಇಲ್ಲಿಗೇ ಬಂದುಬಿಡಿ, ಒಂದು ಕೋಣೆ ಖಾಲಿ ಇದೆ ಎಂದಿದ್ದೆ. ಮನೆ ವಾಸಕ್ಕೆ ಬಾರದಷ್ಟು ದಿನ ಹೊರಗಿನ ಬಾಡಿಗೆಯನ್ನು ವಿಮೆ ಕಂಪನಿಯೇ ಕಟ್ಟುತ್ತದೆ, ನೆಂಟರ ಮನೆಯಲ್ಲಿದ್ದರೆ ಏನೂ ಕೊಡುವುದಿಲ್ಲ, ಬಂದದ್ದನ್ನು ಯಾಕೆ ಬಿಡಬೇಕು ಎಂದು ನಾನು ದೊಡ್ಡ ಲಾಯರಿನ ಹಾಗೆ ಮಾತಾಡಿದೆ. ಈ ಕೋಣೆಗೆ ಬಂದು ಎರಡು ತಿಂಗಳಾಯಿತು. ನಿಮ್ಮ ಮಾವ ಬಸ್ಸು ಓಡಿಸಿ ಬಂದವರು ಮಂಚದ ಮೇಲೆ ಕಾಲು ಚಾಚಿದರೆ ನಾನು ಬಾಗಿಲು ತೆಗೆಯಲಾಗುವುದಿಲ್ಲ. ಆದರೂ ನೆಮ್ಮದಿಯಾಗಿಯೇ ಇದ್ದೆವು.

ಹೋದ ಬುಧವಾರ ಕಂಪನಿಯ ಸರ್ವೇಯರು ಮನೆ ನೋಡಲು ಬರುವವರಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಸಿದವಳು ನಾನು. ಯಾರೋ ಹೊರಗಿನವರು ಬರುತ್ತಾರೆಂದರೆ ಮನೆಯನ್ನು ಹಾಗೇ ಬಿಟ್ಟಿರುತ್ತೇನೆಯೇ? ಮಂಗಳವಾರ ರಜೆ ಹಾಕಿ, ಫಿನಾಯಿಲು, ಬಕೆಟ್ಟು, ಬ್ರಶ್ಶು ಹಿಡಿದು ಹೊರಟೆ. ಅಡುಗೆಮನೆಯ ಕರಕಲನ್ನೆಲ್ಲ ಹೊರಗೆ ಹಾಕಿದೆ, ಹಾಲಿನ ಗೋಡೆಯ ಮಸಿ ಉಜ್ಜಿದೆ, ನೆಲ ಮೂರು ಸಲ ಒರೆಸಿದೆ, ಕರಕಲಾದ ಸ್ವಿಚ್ ಬೋರ್ಡಿಗೆ ಪರದೆ ಇಳಿಬಿಟ್ಟೆ, ಮಂಚಕ್ಕೆ ಗಂಜಿ ಹಾಕಿದ ಹಾಸಿಗೆ ಬಟ್ಟೆ ಹೊದಿಸಿದೆ. ಬುಧವಾರ ಫ್ಲಾಸ್ಕಿನಲ್ಲಿ ಚಹಾ ಒಯ್ದಿದ್ದೆ. ಪುಣ್ಯಾತ್ಮ ಕೂತು ಕುಡಿದರು, ಮನೆ ಬಹಳ ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳಿದರು, ನಾನು ಉಬ್ಬಿಹೋದೆ. ಶುಕ್ರವಾರ ಕಂಪನಿಯ ಕಾಗದ ಬಂತು. ಮನೆ ವಾಸಕ್ಕೆ ಯೋಗ್ಯವಾಗಿದೆ, ಆದ್ದರಿಂದ ತಿಂಗಳ ಕೊನೆಗೆ ಬಾಡಿಗೆ ನಿಲ್ಲಿಸುತ್ತೇವೆ ಎಂದು ಬರೆದಿದ್ದರು.

ನಿಮ್ಮ ಮಾವ ಕಾಗದವನ್ನು ಎರಡು ಸಲ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಾಲ ಮೇಲೆ ಕಲ್ಲು ಹಾಕ್ಕೊಂಡೋರ್ನ ನೋಡಿದೀನಿ ಕಣೆ. ಆ ಕಲ್ಲನ್ನೂ ತೊಳೆದು ಹಾಕ್ಕೊಂಡೋಳು ನೀನೊಬ್ಳೆ" ಎಂದರು. ನನಗೆ ಅಳು ಬಂದಿತ್ತು, ಆದರೂ ನಕ್ಕೆ.

ಎಲೆಕ್ಟ್ರಿಷಿಯನ್ ಬಂದು ನೋಡಿ, ಗೋಡೆಯೊಳಗಿನ ವೈರೆಲ್ಲ ಸುಟ್ಟಿದೆ, ಕರೆಂಟು ಕೊಡುವ ಹಾಗೇ ಇಲ್ಲ ಎಂದು ಬರೆದುಕೊಟ್ಟಿದ್ದಾನೆ. ಅದನ್ನು ಕಂಪನಿಗೆ ಕಳಿಸಿದ್ದೇವೆ. ಮತ್ತೆ ಸರ್ವೇ ಮಾಡಲು ಆರು ವಾರ ಬೇಕಂತೆ. ಈ ಕೋಣೆಯನ್ನು ಮಾಲೀಕರು ಆಗಲೇ ಬೇರೆಯವರಿಗೆ ಒಪ್ಪಿಸಿದ್ದಾರೆ, ಮುಂದಿನ ಸೋಮವಾರ ಬೀಗದ ಕೈ ಕೊಡಬೇಕು. ಆರು ವಾರ ಟಾರ್ಚು ಇಟ್ಟುಕೊಂಡು ಸುಟ್ಟ ಮನೆಯಲ್ಲೇ ಇದ್ದರಾಯಿತು ಎನ್ನುತ್ತಾರೆ ನಿಮ್ಮ ಮಾವ. ಆದರೆ ಅಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮಸಿಯ ವಾಸನೆಗೆ ಅವರ ಕೆಮ್ಮು ಶುರುವಾಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ಅವರೊಬ್ಬರನ್ನು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಬಸ್ಸಿನ ಪಾಳಿ ಇಲ್ಲದ ದಿನ ಪುಟ್ಟಿಯನ್ನು ಶಾಲೆಗೆ ಬಿಟ್ಟು ಕರೆತರುತ್ತಾರೆ, ಕೊಟ್ಟದ್ದು ತಿನ್ನುತ್ತಾರೆ. ನನ್ನ ಚಿಂತೆ ಬೇಡ, ನಾನು ಹೇಗೋ ಆ ಮನೆಯಲ್ಲೇ ಇರುತ್ತೇನೆ. ಗಟ್ಟಿ ಜೀವ.

ಆಫೀಸು, ಮನೆ ಎಂದು ಒದ್ದಾಡುತ್ತಾ ಊಟ ಬಿಡಬೇಡ. ನಿಮ್ಮ ಮೂವರ ಹೊಟ್ಟೆ ಯಾವತ್ತೂ ತಣ್ಣಗಿರಲಿ.

ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಕಡೆ ಬರದೆ ಇದ್ದದ್ದು ಬಾಡಿಗೆಯ ಆಸೆಗಲ್ಲ. ನೀನು ಸೊಸೆಯಾಗಿ ಬಂದಾಗ ಚಹಾಪುಡಿ, ಸಕ್ಕರೆ ಡಬ್ಬಿಗಳನ್ನು ನಿನ್ನ ಕೈಗೆಟಕುವ ಹಾಗೆ ನೀನು ಕೆಳಗಿನ ಶೆಲ್ಫಿನಲ್ಲಿ ಇಡುತ್ತಿದ್ದೆ. ನೀನು ಆಫೀಸಿಗೆ ಹೋದ ಮೇಲೆ ನಾನು ಅವನ್ನು ಎತ್ತಿ ಮೇಲಿಡುತ್ತಿದ್ದೆ. ಒಂದು ದಿನವಲ್ಲ, ಎರಡು ವರ್ಷ. ಏಳು ತಿಂಗಳ ಹೊಟ್ಟೆ ಹೊತ್ತು ನೀನು ಸ್ಟೂಲು ಹತ್ತಿದ್ದನ್ನು ಹಾಲಿನಲ್ಲಿ ಕೂತು ನೋಡಿದೆ. ಇಳಿ ಎನ್ನಲಿಲ್ಲ, ಎದ್ದು ತೆಗೆದುಕೊಡಲೂ ಇಲ್ಲ. ಪುಟ್ಟಿ ಹುಟ್ಟಿದ ಮೇಲೆ ನೀವು ಬೇರೆ ಹೋದದ್ದು ಆಫೀಸು ದೂರ ಎಂಬ ಕಾರಣಕ್ಕೆ ಎಂದು ಐದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನೀನೂ ಒಮ್ಮೆಯೂ ಅಲ್ಲ ಎನ್ನಲಿಲ್ಲ. ತಪ್ಪು ನನ್ನದು ಮಗಳೇ. ಆ ಮನೆಯಲ್ಲಿ ಒಬ್ಬಳೇ ಇರಲು ನನಗೆ ಭಯ. ನಾನೂ ಬರಲೇ?