ಹಿಂದಿನ ಸೀಟಿಗೆ ಬೇಕಾದ ಭಾರ

ವರ್ಕ್‌ಶಾಪಿನ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಅಂಗಡಿಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀಯೆಂದು ನಿನ್ನ ಮನೆಯವಳು ಹೇಳಿದಳು. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದಕ್ಕೆ ನೀನು ತೂಕವನ್ನು ಹಾಗೇ ಉಳಿಸಿಕೊಂಡು ವೈದ್ಯರನ್ನು ಬದಲಿಸಿದೆಯಂತೆ. ಚಿಕ್ಕಂದಿನಲ್ಲಿಯೂ ಹೀಗೆಯೇ ಇದ್ದೆ. ಅಮ್ಮ ಆರೋಗ್ಯವಾಗಿದ್ದಾಳೆ. ದೊಡ್ಡಮ್ಮನಿಗೂ ಏನೂ ಆಗಿಲ್ಲ, ಕನ್ನಡಕವೊಂದು ಒಡೆದಿದೆ. ತಂಗಿಯ ಮಗ ಕನ್ನಡಕದ ಅಂಗಡಿ ಇಟ್ಟಿರುವಾಗ ತಾನು ಕುರುಡಿಯಂತೆ ಓಡಾಡುವುದು ಯಾವ ನ್ಯಾಯವೆಂದು ದಿನಕ್ಕೊಮ್ಮೆ ಕೇಳುತ್ತಾಳೆ. ಮೊದಲು ಅದನ್ನು ಕಳುಹಿಸು.

ಕಳೆದ ವಾರ ನೀನು ಫೋನಿನಲ್ಲಿ ಮಗಳ ವಿಷಯ ಮಾತಾಡುತ್ತಿದ್ದಾಗ ನಾನು ‘ಹೂಂ’ ಎನ್ನುತ್ತಿದ್ದೆ. “ಅಜ್ಜಿ ಕೂತಿರೋ ಕಾರಿನ ಟೈರ್ ಒಡೆಯೋ ಹಾಗೆ ಕೆಲಸ ಮಾಡಿದ್ದಾಳಲ್ಲ ಅಕ್ಕಾ, ಇನ್ನು ಸಾಕು. ತಿಂಗಳ ಕೊನೆಗೆ ಬಂದು ಕರ್ಕೊಂಡು ಹೋಗ್ತೀನಿ. ನನ್ನ ಅಂಗಡೀಲಿ ಕೂತ್ಕೊಳ್ಳಲಿ. ಕನ್ನಡಕ ಮಾರಿದ್ರೆ ಯಾರೂ ಸಾಯಲ್ಲ” ಎಂದೆ. ಅದಕ್ಕೂ ನಾನು ‘ಹೂಂ’ ಎಂದೆ. ಆ ‘ಹೂಂ’ಗಳನ್ನು ಹಿಂದಕ್ಕೆ ಪಡೆಯುವುದಕ್ಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದೊಡನೆ ನಾನು ನಿನ್ನ ಅಕ್ಕನಾಗಿಬಿಡುತ್ತೇನೆ. ಅಕ್ಕನಾದವಳು ತಮ್ಮನ ಮುಂದೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ.

ಅಪ್ಪನ ಕಾರಿಗೆ ಹಳೆಯ ಅಳತೆಯ ಸಣ್ಣ ಟೈರುಗಳು ಈಗ ಎಲ್ಲಿಯೂ ಸಿಗುವುದಿಲ್ಲವೆಂಬುದು ನಿನಗೆ ಗೊತ್ತು. ಸಿಗುವ ಅಗಲದ ಟೈರು ಹಾಕಿದರೆ ಹಿಂಬದಿಯಲ್ಲಿ ಅದು ಚಾಸಿಯ ಉಕ್ಕಿನ ತೊಲೆಗೆ ತಾಗುತ್ತದೆ. ಎರಡೂ ಬದಿಯ ತೊಲೆಯನ್ನು ಟೈರು ಓಡಾಡುವಷ್ಟು ಒಳಕ್ಕೆ ಕೊಯ್ದು, ಕೊಯ್ದಲ್ಲಿ ದಪ್ಪ ತಗಡು ಕೂರಿಸಿ, ಮೊದಲಿನಷ್ಟೇ ಗಟ್ಟಿಯಾಗುವಂತೆ ಬೆಸೆಯಬೇಕು. ಹೊರಗಿನಿಂದ ನೋಡಿದರೆ ಅಪ್ಪನ ಕಾರು ಅಪ್ಪನದೇ. ಬದಲಾಗುವುದು ಹೊಟ್ಟೆಯ ಕೆಳಗೆ ಮಾತ್ರ. ಹೀಗೆ ಮಾಡೋಣವೆಂದವಳು ನಿನ್ನ ಮಗಳೇ. ಇಲ್ಲಿ ಅವಳನ್ನು ಎಲ್ಲರೂ ‘ಇರುವೆ’ ಎನ್ನುತ್ತಾರೆ, ತನಗಿಂತ ದೊಡ್ಡದನ್ನೇ ಸದಾ ಹೊತ್ತು ತಿರುಗುತ್ತಾಳೆಂದು. ಮೊದಲ ದಿನ ಆ ಹೆಸರಿಟ್ಟವಳು ನಾನೇ. ನನ್ನಲ್ಲಿ ಕಲಿಯಲು ಬಂದ ಮಕ್ಕಳಲ್ಲಿ ಇಷ್ಟು ಶ್ರದ್ಧೆಯನ್ನು ನಾನು ಕಂಡಿರಲಿಲ್ಲ. ಅದನ್ನು ನಿನಗೆ ಎಂದೂ ಹೇಳಲಿಲ್ಲ, ಹೊಗಳಿದರೆ ಹಾಳಾಗುತ್ತಾಳೆಂದುಕೊಂಡಿದ್ದೆ. ಹೊಗಳಿಕೆಗೆ ಹಾಳಾದವಳು ಯಾರೆಂದು ಮುಂದೆ ಓದು.

ಎಡಬದಿಯ ತೊಲೆ ಅವಳದು, ಬಲಬದಿಯದು ನನ್ನದು ಎಂದು ಹಂಚಿಕೊಂಡೆವು. ಕಾರನ್ನು ಚಾಸಿಯ ಕೆಳಗೆ ಆನಿಕೆ ಕೊಟ್ಟು ಮೇಲೆತ್ತಿದ್ದೆವು. ಹಿಂದಿನ ಗಾಲಿಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ನಾನು ಅಗಲದ ಟೈರನ್ನು ತಿರುಪಿ, ಅದು ತಾಗುವ ಕಡೆ ಗೀಟೆಳೆದು, ಎರಡು ಬೆರಳು ಜಾಗ ಬಿಟ್ಟು ಕೊಯ್ಯಲು ಹೊರಟೆ. ‘ಎರಡು ಬೆರಳು ಜಾಗ, ಎದೆಯಲ್ಲಿ ಧೈರ್ಯ’ ಎಂದು ನಾನು ಹೇಳುವ ಮಾತನ್ನು ಇಲ್ಲಿಯ ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಇರುವೆ ಮಾತ್ರ ಸ್ಪ್ರಿಂಗ್ ಪಟ್ಟಿಗಳನ್ನೆಲ್ಲ ಬಿಚ್ಚಿ, ಒಂದನ್ನೇ ಉಳಿಸಿ, ಗಾಲಿಗಳನ್ನು ಜೋಡಿಸುವ ಆಕ್ಸಲ್ಲನ್ನು ಜಾಕಿನಿಂದ ಇನ್ನು ಏರಲಾರದೆಂಬಷ್ಟು ಎತ್ತರಕ್ಕೆ ಏರಿಸಿ, ಆಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದಳು. “ಅತ್ತೆ, ಗಾಡಿ ಹೀಗೆ ಜೋತಾಡ್ಕೊಂಡು ರಸ್ತೇಲಿ ಹೋಗಲ್ಲವಲ್ಲ. ಹಿಂದೆ ಜನ ಕೂತ್ರೆ ಗಾಲಿ ಮೇಲೆ ಬರತ್ತೆ. ಆಗ ತಾಗೋದು ಬೇರೆ ಜಾಗ” ಎಂದಳು. ನಿನ್ನ ಮಗಳು ಹೇಳಿದ ರೀತಿಯಲ್ಲಿ ಅಹಂಕಾರದ ಸುಳಿವೂ ಇರಲಿಲ್ಲ, ತಮ್ಮಾ. ಆದರೆ ಮಕ್ಕಳೆಲ್ಲ ಸುತ್ತ ನಿಂತಿದ್ದರು. “ಇದೆಲ್ಲಾ ಪುಸ್ತಕದ ಬದನೆಕಾಯಿ ಕಣೇ. ನೀನು ತೊಟ್ಟಿಲಲ್ಲಿದ್ದಾಗಲೇ ನಾನು ಚಾಸಿ ಕೊಯ್ದಿದ್ದೆ” ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕು, ತನ್ನ ಬದಿಗೆ ಹೋಗಿ, ತನ್ನ ಗುರುತಿನ ಪ್ರಕಾರವೇ ಕೊಯ್ದಳು. ನಾನು ನನ್ನ ಗೀಟಿನ ಪ್ರಕಾರ ಕೊಯ್ದೆ.

ಬೆಸುಗೆಯೆಲ್ಲ ಮುಗಿದ ಮೇಲೆ ಅಂಗಳದಲ್ಲಿ ಓಡಿಸಿದೆವು. ಮುಂದೆ ಇಬ್ಬರೇ ಕೂತಿದ್ದೆವು, ಹಿಂದೆ ಖಾಲಿ, ಎಲ್ಲಿಯೂ ಸದ್ದಿಲ್ಲ. ನಾನು ಇರುವೆಯ ಕಡೆ ತಿರುಗಿ ಎರಡು ಬೆರಳೆತ್ತಿ ತೋರಿಸಿದೆ. ಈಗ ಆ ಬೆರಳುಗಳನ್ನು ನೋಡಿಕೊಂಡರೆ ಕೊಯ್ದುಹಾಕೋಣವೆನ್ನಿಸುತ್ತದೆ. ಮರುದಿನ ಇರುವೆ ಅಮ್ಮನನ್ನೂ ದೊಡ್ಡಮ್ಮನನ್ನೂ ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟಳು. ನಾನು ಅವಳ ಪಕ್ಕದಲ್ಲಿದ್ದೆ. ಬರುವಾಗ ಅವರಿಬ್ಬರ ಜೊತೆಗೆ ಅಕ್ಕಿಯ ಮೂಟೆಯೂ ಸೇರಿಕೊಂಡಿತು. ಎಡಕ್ಕೆ ತಿರುಗುವ ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂತು. “ಯಾರೋ ಹಾಲಿಟ್ಟು ಮರೆತಿದ್ದಾರೆ ಕಣೇ” ಎಂದು ದೊಡ್ಡಮ್ಮ ಹೇಳಿ ಮುಗಿಸುವ ಮೊದಲೇ ಬಲಗಡೆಯ ಟೈರು ಒಡೆಯಿತು. ಕಾರಿನ ಹಿಂಭಾಗ ಬಾಲದಂತೆ ಬೀಸಿತು. ಇರುವೆ ಸ್ಟೀರಿಂಗ್ ಬಿಗಿಹಿಡಿದು, ಗಾಬರಿಯಿಂದ ಬ್ರೇಕ್ ಒತ್ತದೆ, ರಸ್ತೆ ಬದಿಯ ಜಲ್ಲಿಯ ರಾಶಿಗೆ ಕಾರನ್ನು ಮೆಲ್ಲಗೆ ಒರಗಿಸಿದಳು. ಆ ಜಾಗದಲ್ಲಿ ನೀನಾಗಲಿ ನಾನಾಗಲಿ ಇದ್ದಿದ್ದರೆ ಅಮ್ಮನಿಗೆ ಏನಾಗುತ್ತಿತ್ತೋ, ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ಅಮ್ಮ ಕೆಳಗಿಳಿದು, “ಯಾರೇ ಮಾಡಿದ್ದು ಈ ಕೆಲಸ?” ಎಂದಳು. ಒಡೆದದ್ದು ಬಲಗಡೆ. ನನ್ನ ಕಡೆ. ಬಗ್ಗಿ ನೋಡಿದೆ: ನನ್ನ ಕೊಯ್ತದ ಮೇಲಿನ ಅಂಚು ರಬ್ಬರು ಮೆತ್ತಿಕೊಂಡು ಕಪ್ಪಗೆ ಹೊಳೆಯುತ್ತಿತ್ತು, ಅವಳು ಹೇಳಿದ್ದ ಜಾಗದಲ್ಲಿಯೇ. ನಾನು ಬಾಯಿ ತೆರೆಯುವ ಮೊದಲೇ ಇರುವೆ, “ನಂದೇ ತಪ್ಪು ಅಜ್ಜಿ” ಎಂದಳು. ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ. ಅಷ್ಟೇ ನಡೆದದ್ದು. ಅಮ್ಮ ನಿನಗೆ ಫೋನು ಮಾಡಿದಾಗಲೂ ಪಕ್ಕದಲ್ಲಿದ್ದೆ, ನೀನು ನನಗೆ ಫೋನು ಮಾಡಿದಾಗಲೂ ಆ ಬಾಯಿ ಮುಚ್ಚಿಯೇ ಇತ್ತು. ಅಳತೆ ತಪ್ಪುವುದು ದೊಡ್ಡದಲ್ಲ ತಮ್ಮಾ. ಕಬ್ಬಿಣ ಕೊಯ್ಯುವವರ ಕೈ ಎಂದಾದರೊಮ್ಮೆ ತಪ್ಪಿಯೇ ತಪ್ಪುತ್ತದೆ. ಆದರೆ ಮಕ್ಕಳಿಗೆ ಬುದ್ಧಿ ಹೇಳಿಯೇ ಅನ್ನ ಉಣ್ಣುವವಳು, ಒಂದು ಮಗುವಿನ ಬೆನ್ನ ಹಿಂದೆ ಅಡಗಿ ಕುಳಿತೆನಲ್ಲ. ಈ ವಾರವೆಲ್ಲ ಪಾಠ ಹೇಳುವಾಗ ಯಾರ ಮುಖವನ್ನೂ ನೋಡದೆ ಗೋಡೆ ನೋಡಿಕೊಂಡು ಹೇಳಿದ್ದೇನೆ.

ಹಾಗೇಕೆ ಹೇಳಿದೆಯೆಂದು ಅವಳನ್ನು ಕೇಳಿದೆ. ಗ್ರೈಂಡರಿನ ಬಿಲ್ಲೆ ಬದಲಿಸುತ್ತಲೇ, “ನಿಮ್ಮ ಮಾತು ಬಿದ್ದುಹೋದ್ರೆ ಈ ಶೆಡ್ಡಿಗೆ ಯಾರು ಬರ್ತಾರೆ ಅತ್ತೆ? ನನ್ನ ಮಾತು ಇನ್ನೂ ಹುಟ್ಟೇ ಇಲ್ಲವಲ್ಲ, ಬೀಳೋಕೆ” ಎಂದಳು. ನೀನು ಕರೆದೊಯ್ಯುತ್ತೀಯೆಂಬುದು ಅವಳಿಗೆ ಗೊತ್ತು. ಅದಕ್ಕೆ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ತನ್ನ ಹತಾರಗಳನ್ನೆಲ್ಲ ಎಣ್ಣೆ ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಮತ್ತೆ ಬಿಚ್ಚುವ ಆಸೆ ಇರುವವರು ಹಾಗೆ ಸುತ್ತುವುದಿಲ್ಲ.

ನಿನ್ನೆ ಮಕ್ಕಳನ್ನೆಲ್ಲ ಕಾರಿನ ಸುತ್ತ ಕರೆದೆ. ಅಮ್ಮನನ್ನೂ ಕುರ್ಚಿ ಹಾಕಿ ಕೂರಿಸಿದೆ. ಇದು ನನ್ನ ಕೊಯ್ತ, ಅದು ಅವಳದು, ಟೈರು ಒಡೆದದ್ದು ನನ್ನದರಿಂದ, ತಪ್ಪು ಹೊತ್ತದ್ದು ಅವಳು ಎಂದೆ. ಅಮ್ಮ, “ಈ ವಯಸ್ಸಿಗಾದ್ರೂ ಹೇಳಿದೆಯಲ್ಲ” ಎಂದಳು. ಅದು ಕ್ಷಮೆಯೋ ಬೈಗುಳವೋ ನಾನು ಕೇಳಲಿಲ್ಲ, ಎರಡಕ್ಕೂ ನಾನು ಅರ್ಹಳೇ. ಈಗ ನಿನಗೂ ಹೇಳಿದ್ದೇನೆ. ನನ್ನ ಮೇಲೆ ಎಷ್ಟು ಸಿಟ್ಟು ಬೇಕಾದರೂ ಮಾಡು. ಅದರಲ್ಲಿ ಕಾಸಿನಷ್ಟೂ ಅವಳ ಪಾಲಿಗೆ ಹೋಗದಿರಲಿ.

ನಿನ್ನ ಮನೆಯವಳಿಗೆ ನನ್ನ ಪ್ರೀತಿ ತಿಳಿಸು. ಇಂಥ ಮಗಳನ್ನು ಹೆತ್ತವರಿಗೆ ಹಿರಿಯಳಾಗಿ ಹರಸಬೇಕಾದವಳು ನಾನು. ಇವತ್ತು ಹರಸಲು ಕೈ ಏಳುತ್ತಿಲ್ಲ. ಇಬ್ಬರೂ ಸುಖವಾಗಿರಿ, ಅಷ್ಟು ಮಾತ್ರ ಬರೆಯುತ್ತೇನೆ.

ನಿನ್ನ
ಅಕ್ಕ

ಮರೆತಿದ್ದೆ: ಬಲಗಡೆಯ ತೊಲೆಯನ್ನು ಇರುವೆಯೇ ಹೊಸದಾಗಿ ಅಳೆದು ಕೊಯ್ಯುತ್ತಿದ್ದಾಳೆ. ನಾನು ದೀಪ ಹಿಡಿದು ನಿಲ್ಲುತ್ತೇನೆ. ಮುಗಿದ ಮೇಲೆ ಹಿಂದಿನ ಸೀಟಿಗೆ ಭಾರ ಹಾಕಿ ಓಡಿಸಿ ನೋಡಬೇಕು. ಮರಳಿನ ಚೀಲ ತರಿಸುತ್ತೇನೆಂದೆ. “ಅಪ್ಪ ಬಂದ್ರೆ ಚೀಲ ಬೇಕಾಗಲ್ಲ” ಎಂದಳು, ತಲೆ ಎತ್ತದೆ. ನಿನ್ನನ್ನು ಅವಳು ಕರೆಯಲಾರಳು, ಅದಕ್ಕೆ ನಾನು ಕರೆಯುತ್ತಿದ್ದೇನೆ. ತಿಂಗಳ ಕೊನೆಗೆ ಬಾ. ಕರೆದೊಯ್ಯುವ ಮಾತನ್ನು ಆಮೇಲೆ ಆಡು, ಮೊದಲು ಅಪ್ಪನ ಕಾರಿನಲ್ಲಿ ಕೂರು. ಚಿಕ್ಕಂದಿನಲ್ಲಿ ನೀನು ಅತ್ತು ಗಿಟ್ಟಿಸಿಕೊಳ್ಳುತ್ತಿದ್ದೆಯಲ್ಲ, ಆ ಬಲಗಡೆಯ ಕಿಟಕಿಯ ಪಕ್ಕದಲ್ಲಿಯೇ. ಓಡಿಸುವುದು ಅವಳು. ಅಲ್ಲಿಯವರೆಗೆ ದಯವಿಟ್ಟು ತೂಕ ಇಳಿಸಬೇಡ.